ಪಡುವಣಕ್ಕೆ ಹರಿದ ಹೊಳೆ

ಮಕ್ಕಳ ತಲೆಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಯಾವ ಅನುಮಾನವೂ ಉಳಿಯದಂತೆ ಪಾಠ ಹೇಳುವ ಯಂತ್ರವೊಂದು ಬಂದರೆ ಹೇಗೆ? ಹೇಗೆ ಅನ್ನುವುದೇನು, ಬಂದೇಬಿಟ್ಟಿತು. 'ಐದರಿವು' ಎಂದು ಅದರ ಹೆಸರು. ಮೊದಲ ವರ್ಷ ನಾಲ್ಕು ಜಿಲ್ಲೆಗಳಲ್ಲಿ ಕೂತಿತು, ಮರುವರ್ಷಕ್ಕೆ ನಾಲ್ಕು ಸಾವಿರದ ನೂರ ಹನ್ನೆರಡು ಶಾಲೆಗಳಿಗೆ ಹಬ್ಬಿತು.

ಶಾಲೆಯ ಒಂದು ಕೋಣೆಯೊಳಗೆ ಬೋರಲು ಹಾಕಿದ ಬುಟ್ಟಿಯಂಥ ಗುಮ್ಮಟ, ಗುಮ್ಮಟದ ಒಳಮೈಯೆಲ್ಲ ಪರದೆ. ಮಕ್ಕಳು ತೆಳ್ಳನೆಯ ಕೈಗವಸು ಹಾಕಿಕೊಂಡು ಬೆಂಚಿನ ಮೇಲೆ ಕೂರಬೇಕು. ಹತ್ತಿಯ ಪಾಠವಾದರೆ ಬೆರಳಿಗೆ ಅರಳೆಯ ಮೆದು ತಾಗುತ್ತದೆ, ಮಳೆಯ ಪಾಠವಾದರೆ ಮೂಗಿಗೆ ನೆಂದ ಮಣ್ಣಿನ ವಾಸನೆ ಬರುತ್ತದೆ. ಪ್ರತಿ ಮಗುವಿನ ಎದುರಿಗೂ ಸಾಸಿವೆ ಕಾಳಿನಷ್ಟು ಸಣ್ಣ ಮಸೂರವೊಂದು ಕಣ್ಣಪಾಪೆಯನ್ನೇ ನೋಡುತ್ತಿರುತ್ತದೆ. ಪಾಪೆ ಚೂರು ಹಿಗ್ಗಿತೋ, ಕೈಗವಸಿನೊಳಗೆ ಬೆರಳು ಚೂರು ಬಿಗಿಯಾಯಿತೋ, ಮಗುವಿಗೆ ಗೊಂದಲವಾಗಿದೆ ಎಂದು ಯಂತ್ರ ತಿಳಿಯುತ್ತದೆ. ಚಿತ್ರದಿಂದ ಆಗದ್ದನ್ನು ಸದ್ದಿನಿಂದ, ಸದ್ದಿನಿಂದ ಆಗದ್ದನ್ನು ಸ್ಪರ್ಶದಿಂದ ತಿಳಿಹೇಳಿ, ಮೂರು ಸೆಕೆಂಡಿನೊಳಗೆ ಆ ಗೊಂದಲವನ್ನು ಒರೆಸಿ ಹಾಕುತ್ತದೆ. ಅಷ್ಟಾದ ಮೇಲೂ ಕೇಳುವುದಿದ್ದರೆ ಮಗು ಕೈ ಎತ್ತಬಹುದು. ಆಗ ಗುಮ್ಮಟದ ಮೈಕು ಅದರ ದನಿಯನ್ನು ಧಾರವಾಡದ ನಿಯಂತ್ರಣ ಕೊಠಡಿಗೆ ಮುಟ್ಟಿಸುತ್ತದೆ. ಆದರೆ ಕೈ ಎತ್ತುವವರು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತ ಬಂದರು.

ಸುಳ್ಳು ಹೇಳಬಾರದು, ಯಂತ್ರದಿಂದ ಒಳ್ಳೆಯದೂ ಆಯಿತು. ಐದನೆಯ ತರಗತಿಗೆ ಬಂದರೂ ಒತ್ತಕ್ಷರ ಕಂಡರೆ ಬೆವರುತ್ತಿದ್ದ ಮಕ್ಕಳು ಈಗ ಸರಾಗವಾಗಿ ಓದತೊಡಗಿದ್ದರು. ಮೇಷ್ಟ್ರುಗಳಿಗೆ ಕೆಲಸ ಕಡಿಮೆಯಾಯಿತು. ಕೈಗವಸು ಒಗೆಸುವುದು, ಮಸೂರ ಒರೆಸುವುದು, ಹಾಜರಿ ಹಾಕುವುದು, ಉಳಿದದ್ದು ಇಷ್ಟೇ. ಪಾಠ ನಡೆಯುವಾಗ ದೊಡ್ಡವರು ಗುಮ್ಮಟದೊಳಗೆ ಕಾಲಿಡುವಂತಿಲ್ಲ, ಮಸೂರಗಳಿಗೆ ಗಲಿಬಿಲಿಯಾಗುತ್ತದಂತೆ.

ಈ ಯಂತ್ರಕ್ಕೆ ಸ್ವಂತ ಮುಖವಿರಲಿಲ್ಲ. ಅದು ಕಲ್ಲಹಾಳದ ಸರಕಾರಿ ಶಾಲೆಯ ಹಲೀಮಾ ನದಾಫರ ಮುಖವನ್ನೂ ದನಿಯನ್ನೂ ತೊಟ್ಟುಕೊಂಡಿತ್ತು.

ಕಲ್ಲಹಾಳ ತುಂಗಭದ್ರೆಯ ದಂಡೆಯ ಊರು. ಹಲೀಮಾ ಅಲ್ಲಿ ಇಪ್ಪತ್ತೆಂಟು ವರ್ಷ ನಾಲ್ಕನೆಯ ತರಗತಿಗೆ ಪಾಠ ಹೇಳಿದ ಅಕ್ಕೋರು. ಅವರ ಪಾಠಕ್ಕೆ ಒಂದು ಪದ್ಧತಿಯಿತ್ತು. ದಿನಕ್ಕೊಂದು ತಪ್ಪನ್ನು ಬೇಕೆಂದೇ ಪಾಠದೊಳಗೆ ಬಚ್ಚಿಡುತ್ತಿದ್ದರು. ಒಂದು ದಿನ ಏಳೆಂಟ್ಲೆ ಐವತ್ತನಾಲ್ಕು ಅನ್ನುವರು, ಇನ್ನೊಂದು ದಿನ ಬಾವಲಿ ಮೊಟ್ಟೆ ಇಡುತ್ತದೆ ಅನ್ನುವರು. ಅದಕ್ಕೆ 'ಇವತ್ತಿನ ಕಳ್ಳ' ಎಂದು ಹೆಸರು. ಗಂಟೆ ಹೊಡೆಯುವುದರೊಳಗೆ ಮಕ್ಕಳು ಕಳ್ಳನನ್ನು ಹಿಡಿಯಬೇಕು, ಹಿಡಿದವರು ಎದ್ದು ನಿಂತು ಅಕ್ಕೋರಿಗೆ ಎದುರು ಮಾತಾಡಬೇಕು, ತಪ್ಪು ಯಾಕೆ ತಪ್ಪು ಎಂದು ತೋರಿಸಬೇಕು. ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ಸಾಹೇಬರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ, ಅಕ್ಕೋರಿಗೆ ಮಗ್ಗಿಯೇ ಬರುವುದಿಲ್ಲವೆಂದು ಮೇಲಕ್ಕೆ ಬರೆದಿದ್ದೂ ಉಂಟು. ಅವತ್ತು ಕಳ್ಳ ಸಿಕ್ಕಿದ್ದನ್ನು ನೋಡುವಷ್ಟು ಹೊತ್ತು ಅವರು ಕೂರಲಿಲ್ಲ.

ಐದರಿವಿನವರು ಒಳ್ಳೆಯ ಶಿಕ್ಷಕರನ್ನು ಹುಡುಕುತ್ತ ಬಂದು ಹಲೀಮಾರನ್ನು ಧಾರವಾಡಕ್ಕೆ ಕರೆದೊಯ್ದರು. ನಲವತ್ತು ದಿನ ಕ್ಯಾಮೆರಾಗಳ ನಡುವೆ ನಿಲ್ಲಿಸಿ ಅವರ ಮಾತು, ಕೈಸನ್ನೆ, ನಗು, ಸಿಟ್ಟು ಎಲ್ಲವನ್ನೂ ತುಂಬಿಕೊಂಡರು. ಹಲೀಮಾ ಎಂದಿನಂತೆ ದಿನಕ್ಕೊಬ್ಬ ಕಳ್ಳನನ್ನು ಬಿಟ್ಟೇ ಪಾಠ ಹೇಳಿದರು. ಯಂತ್ರ ಸಿದ್ಧವಾದ ಮೇಲೆ ನೋಡಿದರೆ ಒಬ್ಬ ಕಳ್ಳನೂ ಇರಲಿಲ್ಲ.

"ತಪ್ಪು ಎಲ್ಲಾ ತೆಗೆದ್ವಿ ಮೇಡಂ," ಎಂದು ಅದರ ಮುಖ್ಯ ಎಂಜಿನಿಯರ್ ಶ್ರೀಪಾದ ಗಲಗಲಿ ಅಭಿಮಾನದಿಂದ ಹೇಳಿದ್ದ. "ನಿಮ್ಮ ಪಾಠದಾಗ ಈಗ ಒಂದು ಕೂದಲೆಳಿ ದೋಷ ಇಲ್ಲ ನೋಡ್ರಿ."

ಹಲೀಮಾ ಅವತ್ತೇ ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ಊರೂರ ಶಾಲೆಗಳಲ್ಲಿ ತನ್ನ ಮುಖ ಕಾಣುತ್ತದೆ ಎಂಬ ಹಿಗ್ಗು ಬಾಯಿ ಕಟ್ಟಿಹಾಕಿತು. ಅರಳೆ ಹಿಂಜುತ್ತಿದ್ದ ಅಪ್ಪನ ಮಗಳು ಇಲ್ಲಿಯವರೆಗೆ ಬಂದಳಲ್ಲ ಎಂದು ಊರೆಲ್ಲ ಹೊಗಳುವಾಗ ಕಳ್ಳನ ಮಾತು ಎತ್ತುವುದು ಸಣ್ಣತನ ಅನ್ನಿಸಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ ಐದರಿವಿನವರೂ ಅವರನ್ನು ಕಲ್ಲಹಾಳಕ್ಕೆ ಬಿಟ್ಟು ಹೋದರು. ಅಲ್ಲಿ ಅವರು ತಮ್ಮದೇ ಪಾಠ ನಡೆಯುವ ಗುಮ್ಮಟದ ಹೊರಗೆ ಕೂತು ಕೈಗವಸು ಮಡಚತೊಡಗಿದರು.

ದಸರೆಯ ರಜೆಗೆ ಮಗಳ ಮಗಳು ರುಖಿಯಾ ಬಂದಳು. ಒಂಬತ್ತು ವರ್ಷದ ಹುಡುಗಿ, ಕೊಪ್ಪಳದಲ್ಲಿ ನಾಲ್ಕನೆಯ ತರಗತಿ. ಹೊಳೆಗೆ ಹೋಗೋಣವೆಂದು ನಾನಿಯನ್ನು ಹಟ ಹಿಡಿದು ಎಳೆದೊಯ್ದಳು. ದಂಡೆಯ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟಿದ್ದಾಗ ಅವಳ ಒಂದು ಚಪ್ಪಲಿ ಜಾರಿ ನೀರಿಗೆ ಬಿತ್ತು. ಹೊಸ ಚಪ್ಪಲಿ. ಹುಡುಗಿ ಚೀರಿ ಎದ್ದವಳೇ ಅದನ್ನು ಹಿಡಿಯಲು ದಂಡೆಗುಂಟ ಓಡಿದಳು. ಚಪ್ಪಲಿ ಮೂಡಣಕ್ಕೆ ತೇಲಿ ಹೋಗುತ್ತಿತ್ತು, ರುಖಿಯಾ ಪಡುವಣಕ್ಕೆ ಓಡುತ್ತಿದ್ದಳು.

ಹಲೀಮಾರಿಗೆ ಮೊದಲು ನಗು ಬಂತು. ಹಿಂದೆ ಹಿಂದೆ ಹೋಗಿ ನೋಡಿದರೆ ಹುಡುಗಿ ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಚಾಚಿ ಕಾಯುತ್ತಿದ್ದಳು.

"ಏ ಹುಚ್ಚಿ, ಚಪ್ಲಿ ಆ ಕಡಿ ಹೋತಲ್ಲವ್ವ. ಇಲ್ಲೇನ್ ಮಾಡಾಕತ್ತಿ?"

"ಈ ಕಡಿ ಬರ್ತೈತಿ ನಾನಿ. ಹೊಳಿ ಪಡುವಲಕ್ಕ ಹರೀತೈತಿ."

"ಕಣ್ಣಾರೆ ನೋಡಾಕತ್ತೀಯಲ್ಲ, ಯಾವ ಕಡಿ ಹರಿಯಾಕತ್ತೈತಿ?"

ರುಖಿಯಾ ನೀರನ್ನು ನೋಡಿದಳು, ನಾನಿಯ ಮುಖ ನೋಡಿದಳು. "ಪಾಠದಾಗ ಕೈಯಿಂದ ಮುಟ್ಟಿ ನೋಡೀನಿ. ನೀರು ಬಲಗೈಯಿಂದ ಎಡಗೈಗೆ ಹೋತು, ಎಡಗೈ ಕಡಿ ಹೊತ್ತು ಮುಳುಗ್ತು. ನೀನ ಹೇಳಿದ್ಯಲ್ಲ ನಾನಿ, ತುಂಗಭದ್ರಾ ಪಡುವಲಕ್ಕ ಹರೀತಾಳ ಅಂತ." ಆಮೇಲೆ ತುಸು ಯೋಚಿಸಿ ಸೇರಿಸಿದಳು. "ಈ ಹೊಳೀದ ಏನೋ ತಪ್ಪಾಗೈತಿ."

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹಲೀಮಾ ಹೊಳೆದಂಡೆಯಲ್ಲಿ ನಡೆದದ್ದನ್ನು ಹೇಳಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾಗಿದ್ದ ಗಂಡ ಮೌಲಾಸಾಬ ಎಲ್ಲ ಕೇಳಿಸಿಕೊಂಡು, "ಒಂದು ಚಪ್ಲಿಗೆ ಇಷ್ಟ್ಯಾಕ ತಲಿ ಕೆಡಿಸ್ಕೋತಿ? ನಾಳೆ ಇನ್ನೊಂದು ಜೋಡು ತಂದ್ರಾತು," ಅಂದ.

"ಚಪ್ಲಿ ಹಾಳಾಗಿ ಹೋಗ್ಲಿ," ಎಂದರು ಹಲೀಮಾ. "ಹುಡುಗಿ ತನ್ನ ಕಣ್ಣು ನಂಬವಲ್ಲದು. ನನ್ನ ಮಾರಿ ನೋಡಿ ಹೊಳಿನ ಸುಳ್ಳು ಅಂತಾಳ."

ರಜೆ ಮುಗಿದ ದಿನವೇ ಅವರು ಗುಮ್ಮಟದ ಬಾಗಿಲಲ್ಲಿ ಮಕ್ಕಳನ್ನು ತಡೆದು ನಿಲ್ಲಿಸಿದರು. ಇಪ್ಪತ್ತೆರಡು ಮಕ್ಕಳು, ಎಲ್ಲರೂ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವರು, ಅರ್ಧಕ್ಕರ್ಧ ಈಜು ಬಲ್ಲವರು.

"ತುಂಗಭದ್ರಾ ಯಾವ ಕಡಿ ಹರೀತಾಳ?"

"ಪಡುವಲಕ್ಕ್ರೀ!" ಇಪ್ಪತ್ತೆರಡು ಬಾಯಿಂದ ಒಂದೇ ಉತ್ತರ.

"ಹಂಗಾದ್ರ ನಮ್ಮೂರ ಹಿಂದ ಹರಿಯೂದು?"

ಅಂಬಿಗರ ದ್ಯಾಮವ್ವ ಎಂಬ ಹುಡುಗಿ, ಅಪ್ಪನ ಹರಿಗೋಲಿನಲ್ಲೇ ತೂಗಿಸಿಕೊಂಡು ಬೆಳೆದವಳು, ಅಕ್ಕೋರಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂಬ ದನಿಯಲ್ಲಿ ಹೇಳಿದಳು. "ಅದು ನಮ್ಮೂರ ಹೊಳಿ ರೀ. ತುಂಗಭದ್ರಾ ಪಾಠದಾಗ ಇರ್ತಾಳ."

ಹಲೀಮಾ ಧಾರವಾಡಕ್ಕೆ ಫೋನು ಮಾಡಿದರು. ಗಲಗಲಿ ಕೆಟ್ಟವನಲ್ಲ. ಅರ್ಧ ಗಂಟೆಯೊಳಗೆ ತಪಾಸಣೆ ಮಾಡಿ ತಾನೇ ತಿರುಗಿ ಫೋನು ಮಾಡಿದ.

"ನೀವು ಹೇಳಿದ್ದು ಖರೇ ಅದ ಮೇಡಂ. ಹೊಳೀ ಮಾದರಿ ಕನ್ನಡ್ಯಾಗಿನ ಬಿಂಬದಂಗ ಎಡಬಲ ಅದಲುಬದಲಾಗೇದ. ಚಿತ್ರ ನೋಡಿ ಯಂತ್ರ ಮಾತೂ ಹಂಗ ಜೋಡಿಸ್ಕೊಂಡದ. ಜೂನ್‌ದಾಗ ಹೊಸ ಆವೃತ್ತಿ ಬರ್ತದ, ಅದ್ರಾಗ ತಿದ್ದತೀವಿ."

"ಜೂನ್ ತನಕ? ಐದು ತಿಂಗಳಿಂದ ಮಕ್ಕಳು ಇದನ್ನ ಕಲಿಯಾಕತ್ತಾರ. ಒಂದು ಮಗೂನೂ ಕೇಳ್ಲಿಲ್ಲೇನು?"

"ಇಲ್ಲ. ನೂರಾ ಎಂಬತ್ತು ದಿನದಿಂದ ಒಟ್ಟು ಪ್ರಶ್ನೆ ಸೊನ್ನೆ." ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. "ಅದಕ್ಕ ಐದರಿವಿನ ಸಮಿತಿಯವ್ರು ಬರೋ ವರ್ಷದಿಂದ ಕೈ ಎತ್ತೋ ವ್ಯವಸ್ಥಾನೂ ಮೈಕೂ ತೆಗೀಬೇಕು ಅಂತ ಮಾಡ್ಯಾರ. ಯಾರೂ ಬಳಸದಿದ್ದದ್ದು ಯಾಕ ಬೇಕ್ರಿ? ಮೇಡಂ, ಮೊದಲ ನೂರಕ್ಕ ನಲವತ್ತು ಮಕ್ಕಳಿಗೆ ಓದಾಕ ಬರ್ತಿದ್ದಿಲ್ಲ. ಈಗ ತೊಂಬತ್ತೈದು ಮಕ್ಕಳು ಓದ್ತಾರ. ಒಂದು ಹೊಳೀ ಸಲುವಾಗಿ ಇದನ್ನೆಲ್ಲಾ ಕೆಟ್ಟದ್ದು ಅನ್ನಬ್ಯಾಡ್ರಿ."

ಹಲೀಮಾ ಫೋನು ಕೆಳಗಿಟ್ಟರು. ಅವನ ಲೆಕ್ಕ ಸುಳ್ಳಲ್ಲ. ಆದರೆ ಓದಲು ಕಲಿತ ಮಗು ಓದಿದ್ದಕ್ಕೆಲ್ಲ ತಲೆಯಾಡಿಸುವುದಾದರೆ, ಕಲಿತು ತನ್ನ ಬುದ್ಧಿಯನ್ನು ಕೊಟ್ಟಿದ್ದು ಯಾರ ಕೈಗೆ? ಮೈಕನ್ನೂ ಕಿತ್ತರೆ ಆಮೇಲೆ ಮಕ್ಕಳು ಬೇಕೆಂದರೂ ಕೇಳುವಂತಿಲ್ಲ. ಅದೂ ತನ್ನ ಮುಖದ ಎದುರಿಗೆ! ಹಲೀಮಾರಿಗೆ ತಮ್ಮ ಮೇಲೇ ಸಿಟ್ಟು ಉಕ್ಕಿ ಬಂತು. ಎರಡು ವರ್ಷದ ಹಿಂದೆ ಆಡದೆ ನುಂಗಿದ ಮಾತು ಈಗ ಬೆಳೆದು ನಿಂತು ಮೊಮ್ಮಗಳನ್ನೇ ತಿಂದಿತ್ತು.

ಪ್ರತಿ ವರ್ಷ ಮಕ್ಕಳ ದಿನಾಚರಣೆಗೆ ಐದರಿವಿನವರು ಹಲೀಮಾರನ್ನು ಕರೆಸಿ ಎಲ್ಲ ಶಾಲೆಗಳಿಗೂ ಒಂದು ನೇರ ಪಾಠ ಹೇಳಿಸುತ್ತಿದ್ದರು. ಕೊನೆಗೆ ಮಕ್ಕಳೆಲ್ಲ ಒಟ್ಟಿಗೆ ನಮಸ್ಕಾರ ಹೇಳಲಿ ಎಂದು ಅವತ್ತೊಂದು ದಿನ ಗುಮ್ಮಟದ ಮೈಕುಗಳನ್ನೆಲ್ಲ, ಒಂದು ಶಾಲೆಯ ದನಿ ಉಳಿದ ಶಾಲೆಗಳಿಗೂ ಕೇಳುವಂತೆ, ತೆರೆದಿಡುತ್ತಿದ್ದರು. ಈ ಸಲದ ಕರೆಯೂ ಬಂತು.

"ಹೋಗಿ ಏನ್ ಮಾಡಾಕಿ?" ಎಂದು ಮೌಲಾಸಾಬ ಕೇಳಿದ.

"ಒಬ್ಬ ಕಳ್ಳನ್ನ ಬಿಟ್ಟು ಬರ್ತೀನಿ."

"ನಿವೃತ್ತಿಗೆ ಇನ್ನ ಎರಡು ವರ್ಷ ಐತಿ ಹಲೀಮಾ. ನೋಡಿ ಮಾಡು."

"ಎರಡು ವರ್ಷ ಕೈಗವಸು ಮಡಚೂದಕ್ಕ ಅಷ್ಟು ಆಸೆ ಇಲ್ರಿ ನನಗ."

ಹೊರಡುವ ದಿನ ಬೆಳಗ್ಗೆ ಬಸ್ಸಿಗೆ ಹತ್ತಿಸುವಾಗ ಅವನು, "ಗಾಡಿ ಬ್ರೇಕ್ ಹಿಡೀಲಿಲ್ಲಂದ್ರ ಗೇರ್ ಇಳಿಸಿ ನಿಲ್ಲಿಸ್ಬೇಕು, ಗಾಬರಿ ಆಗಬಾರ್ದು," ಎಂದು ತನಗೆ ತಿಳಿದ ಬುದ್ಧಿಮಾತು ಹೇಳಿದ.

ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ನಾಲ್ಕು ಸಾವಿರದ ನೂರ ಹನ್ನೆರಡು ಹಸಿರು ಚುಕ್ಕೆಗಳು ಬೆಳಗುತ್ತಿದ್ದವು. ಒಂದು ಚುಕ್ಕೆಯೆಂದರೆ ಒಂದು ಶಾಲೆ. ಹಸಿರೆಂದರೆ ಮಕ್ಕಳಿಗೆ ಎಲ್ಲವೂ ತಿಳಿಯುತ್ತಿದೆ ಎಂದರ್ಥ. ಗಾಜಿನಾಚೆ ಗಲಗಲಿ ಕೂತಿದ್ದ, ಈಚೆ ಕ್ಯಾಮೆರಾಗಳ ನಡುವೆ ಹಲೀಮಾ ನಿಂತಿದ್ದರು. ಅವರು ಹೇಳಿದ್ದು ಯಂತ್ರದೊಳಗೆ ಹಾದು ನಾಲ್ಕು ಸೆಕೆಂಡು ತಡವಾಗಿ ಮಕ್ಕಳನ್ನು ಮುಟ್ಟುತ್ತಿತ್ತು, ಮಕ್ಕಳಿಗೆ ಕಂಡದ್ದೇ ಎದುರಿನ ಪರದೆಯಲ್ಲೂ ಕಾಣುತ್ತಿತ್ತು.

"ಮಕ್ಕಳೇ, ಏಳೆಂಟ್ಲೆ ಐವತ್ತನಾಲ್ಕು," ಎಂದು ಅವರು ಶುರುಮಾಡಿದರು.

ನಾಲ್ಕು ಸೆಕೆಂಡಿನ ಮೇಲೆ ಪರದೆಯೊಳಗಿನ ಹಲೀಮಾ ಬಾಯಿ ತೆರೆದರು. ಅದೇ ದನಿ, ಅದೇ ನಗು. "ಮಕ್ಕಳೇ, ಏಳೆಂಟ್ಲೆ ಐವತ್ತಾರು."

ತುಟಿಯ ಚಲನೆಯೂ ಬದಲಾಗಿತ್ತು. ಬಾವಲಿ ಮೊಟ್ಟೆ ಇಡುತ್ತದೆ ಅಂದರೆ ಮರಿ ಹಾಕುತ್ತದೆ ಎಂದು ಹೊರಟಿತು. ಗಾಜಿನಾಚೆಯಿಂದ ಗಲಗಲಿ ನಕ್ಕು, "ಬಾಯಿ ತಪ್ಪಿದ್ರ ಚಿಂತಿ ಇಲ್ಲ ಮೇಡಂ. ನಮ್ಮ ಮಾಹಿತಿ ಭಂಡಾರದಾಗ ಏನದ ಅದಕ್ಕ ಹೊಂದಿಸಿ ಯಂತ್ರನ ತಿದ್ದಿಕೋತದ. ಆರಾಮ ಹೇಳ್ರಿ," ಎಂದ.

ಹಲೀಮಾ ಆ ಮಾತನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದರು. ಭಂಡಾರದಲ್ಲಿ ಏನಿದೆಯೋ ಅದಕ್ಕೆ ಹೊಂದಿಸಿ ತಿದ್ದುತ್ತದೆ. ಹಾಗಾದರೆ ಅದು ತಿದ್ದಲಾರದ ತಪ್ಪು ಒಂದೇ, ಅದರದೇ ತಪ್ಪು.

"ಮಕ್ಕಳೇ, ತುಂಗಭದ್ರಾ ಪಡುವಲಕ್ಕ ಹರೀತಾಳ," ಎಂದರು.

ಪರದೆಯ ಹಲೀಮಾ ಅದನ್ನೇ ಹೇಳಿದರು. ಒಂದಕ್ಷರವೂ ಬದಲಾಗಲಿಲ್ಲ. ಗುಮ್ಮಟಗಳಲ್ಲಿ ಹೊಳೆ ಬಿಚ್ಚಿಕೊಂಡಿತು, ಮಕ್ಕಳ ಬೆರಳ ನಡುವೆ ತಣ್ಣನೆಯ ನೀರು ಪಡುವಣಕ್ಕೆ ಹರಿಯಿತು. ಚುಕ್ಕೆಗಳೆಲ್ಲ ಹಸಿರಾಗಿಯೇ ಇದ್ದವು.

"ಈಗ ಎಲ್ಲಾರೂ ಕೈಗವಸು ತೆಗೀರಿ," ಎಂದರು ಹಲೀಮಾ.

ಇದು ತಪ್ಪೂ ಅಲ್ಲ, ಸರಿಯೂ ಅಲ್ಲ, ಬರೀ ಅಪ್ಪಣೆ. ಯಂತ್ರಕ್ಕೆ ತಿದ್ದಲು ಏನೂ ಸಿಗಲಿಲ್ಲ. ಅಕ್ಕೋರು ಹೇಳಿದ ಮೇಲೆ ಮಕ್ಕಳು ಕೇಳದಿರುತ್ತಾರೆಯೇ? ಒಂದರ ಹಿಂದೊಂದು ಚುಕ್ಕೆಗಳು ಬೂದಿಬಣ್ಣಕ್ಕೆ ತಿರುಗಿದವು. ಬೆರಳು ಸಿಗದೆ, ಬರೀ ಕಣ್ಣಪಾಪೆಯಿಂದ ಗೊಂದಲ ಅಳೆಯಲಾಗದೆ, ಯಂತ್ರ ಹೊಳೆಯನ್ನು ನಿಲ್ಲಿಸಿತು, ವಾಸನೆಯನ್ನು ನಿಲ್ಲಿಸಿತು. ಗುಮ್ಮಟಗಳಲ್ಲಿ ಉಳಿದದ್ದು ಹಲೀಮಾರ ಮುಖವೊಂದೇ.

"ಮೇಡಂ! ಏನ್ ಮಾಡ್ಲಿಕತ್ತೀರಿ?" ಗಲಗಲಿ ಎದ್ದು ನಿಂತ.

ಹಲೀಮಾ ಅವನ ಕಡೆ ನೋಡಲಿಲ್ಲ. "ಇವತ್ತಿನ ಪಾಠದಾಗ ನಾನೊಬ್ಬ ಕಳ್ಳನ್ನ ಬಿಟ್ಟೀನಿ. ಸುಳ್ಳು ಹೇಳೀನಿ. ಎದ್ದು ನಿಂತು, ಅಕ್ಕೋರ ನಿಮ್ಮದು ತಪ್ಪೈತಿ ಅಂತ ಅನ್ನಬೇಕು. ಯಾರೂ ಬಯ್ಯೂದಿಲ್ಲ. ನಾ ಕಾಯ್ತೀನಿ."

ಹೇಳಿ ಬಾಯಿ ಮುಚ್ಚಿ ನಿಂತರು.

ಮೂರು ಸೆಕೆಂಡು ಕಳೆಯಿತು. ಹತ್ತು ಕಳೆಯಿತು. ನಾಲ್ಕು ಸಾವಿರ ಮೈಕುಗಳಿಂದ ಉಸಿರಾಟದ ಸದ್ದಷ್ಟೇ ಬರುತ್ತಿತ್ತು. ಗಲಗಲಿಯ ಕೈ ಸ್ವಿಚ್ಚಿನ ಮೇಲೆ ಹೋಯಿತು.

"ಇದನ್ನ ಬಂದ್ ಮಾಡಬೇಕಾಗ್ತದ್ರಿ. ಮಕ್ಕಳಿಗೆ ಗೊಂದಲ ಆಗ್ಲಿಕತ್ತದ. ನಿಮ್ಮ ನೌಕರಿಗೂ ಛಲೋ ಅಲ್ಲ."

ಹಲೀಮಾ ಎದೆಯ ಮೈಕನ್ನು ಅಂಗೈಯಿಂದ ಮುಚ್ಚಿಕೊಂಡರು. "ಗೊಂದಲ ಆಗ್ಲಿ. ನೌಕರಿ ತಗೋರಿ. ಮಾರಿ ಮಾತ್ರ ನಂದು, ಅದನ್ನಿಟ್ಟುಕೊಂಡು ಮಕ್ಕಳ ಬಾಯಿ ಮುಚ್ಚಿಸಾಕ ನಾ ಕೊಡೂದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರ್ಯಾರು ಸುಮ್ಮನ ಹೇಳಿಲ್ಲ. ನೂರಾ ಎಂಬತ್ತು ದಿನಾನೂ ಮೀರಿತು, ಈ ಕೊಠಡ್ಯಾಗ ಒಂದು ಮಗುವಿನ ದನಿ ಕೇಳಿಲ್ಲ ನೀವು. ನಿಮಗ ಆಸೆ ಆಗೂದಿಲ್ಲೇನು?"

ಅವನು ಸ್ವಿಚ್ಚು ಒತ್ತಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

ಒಂದು ನಿಮಿಷವಾಯಿತು. ಹಲೀಮಾ ಮೈಕಿನ ಮೇಲಿನ ಕೈ ತೆಗೆದು ಕಾದರು. ತಡವಾಗಿ ಹೋಯಿತೇನೋ, ಎರಡು ವರ್ಷದಲ್ಲಿ ಎಲ್ಲ ಮುಗಿದೇ ಹೋಯಿತೇನೋ ಎಂದು ದಿಗಿಲಾಯಿತು. ಆದರೂ ಬಾಯಿ ತೆರೆಯಲಿಲ್ಲ. ತಾನು ಉತ್ತರ ಹೇಳಿಬಿಟ್ಟರೆ ತಾನೂ ಯಂತ್ರವೇ.

ಆಗ ಎಲ್ಲಿಂದಲೋ ಒಂದು ಹುಡುಗನ ಸಣ್ಣ ದನಿ ಬಂತು.

"ಅಕ್ಕೋರ... ತಪ್ಪೈತ್ರಿ."

"ಯಾಕ?" ಹಲೀಮಾರ ದನಿ ಒಡೆಯಿತು. "ಯಾಕ ತಪ್ಪು? ತೋರ್ಸು."

"ಮಳಿಗಾಲದಾಗ ನಮ್ಮ ಎಮ್ಮಿ ಹೊಳ್ಯಾಗ ಕೊಚ್ಚಿ ಹೋಗಿತ್ರಿ. ಸಿಕ್ಕಿದ್ದು ಕಂಪ್ಲಿ ಹಂತ್ಯಾಕ. ಕಂಪ್ಲಿ ನಮಗ ಮೂಡಲಕ್ಕ ಐತ್ರಿ. ಎಮ್ಮಿ ಏನ್ ಹೊಳಿಗೆ ಎದುರು ಈಸಿತೇನ್ರಿ?"

ಅಷ್ಟು ಸಾಕಾಯಿತು. ಇನ್ನೊಂದು ಊರಿನಿಂದ ಒಬ್ಬಳು ತನ್ನೂರ ಕಾಲುವೆಯ ಸಾಕ್ಷಿ ಹೇಳಿದಳು. ಮತ್ತೊಬ್ಬ, ಪಾಠವೇ ಸರಿ, ಎಮ್ಮೆಯೇ ದಾರಿ ತಪ್ಪಿರಬೇಕು ಎಂದು ವಾದಕ್ಕೆ ಬಿದ್ದ. ಅವನ ಮೇಲೆ ಹತ್ತು ಜನ ಮುಗಿಬಿದ್ದರು. ಹೊಳೆಯನ್ನೇ ಕಾಣದ ಊರಿನವರೂ ಯಾರ ಪಕ್ಷವೆಂದು ತಿಳಿಯದೆ ಕೂಗತೊಡಗಿದರು. ಗದ್ದಲವೋ ಗದ್ದಲ. ಗಲಗಲಿ ಮೈಕುಗಳ ದನಿಯನ್ನು ತಗ್ಗಿಸಲು ಹೋಗಿ ತಪ್ಪಿ ಏರಿಸಿಬಿಟ್ಟ. ಕೈ ಸ್ವಿಚ್ಚಿನಿಂದ ಯಾವಾಗಲೋ ಸರಿದಿತ್ತು. ಅವನು ಬಾಯಿ ತೆರೆದುಕೊಂಡು ಕೇಳುತ್ತಿದ್ದ.

ಹಲೀಮಾ ಆ ಸಾವಿರ ದನಿಗಳಲ್ಲಿ ರುಖಿಯಾಳದ್ದನ್ನು ಹುಡುಕಿದರು. ಸಿಗಲಿಲ್ಲ. ಅವಳು ಕೂಗುತ್ತಿದ್ದಳೋ, ಕೈಗವಸು ಹಿಡಿದುಕೊಂಡು ಸುಮ್ಮನೆ ಕೂತಿದ್ದಳೋ ಗೊತ್ತಾಗಲಿಲ್ಲ. ಅದೊಂದು ನೋವು ಉಳಿಯಿತು.

ಗದ್ದಲ ತುಸು ಇಳಿದಾಗ ಒಬ್ಬ ಹುಡುಗಿಯ ದನಿ ಕೇಳಿಸಿತು. ಸಿಟ್ಟಿನ ದನಿ. ಮೋಸ ಹೋದವರ ದನಿ.

"ಅಕ್ಕೋರ, ನಿನ್ನಿ ಪಾಠದಾಗ ಇರುವಿಗೆ ಆರು ಕಾಲು ಅಂತ ಹೇಳಿದ್ರಿ. ಅದಾದ್ರೂ ಖರೇನೋ, ಅದೂ ಸುಳ್ಳೋ?"

ಹಲೀಮಾರಿಗೆ ಉತ್ತರ ಗೊತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅದನ್ನು ಅಲ್ಲೇ ತಡೆದರು.

"ನಾ ಹೇಳೂದಿಲ್ಲ. ಹೊರಗ ಹೋಗಿ ಎಣಿಸಿ ಬಂದು ನನಗ ಹೇಳು."

ನಾಲ್ಕು ಸೆಕೆಂಡು ಕಳೆದವು. ಆಮೇಲೆ ಮೈಕುಗಳಲ್ಲಿ ಬೆಂಚುಗಳು ಸರಿದ ಸದ್ದು ಕೇಳಿಸಿತು.